ತುಪ್ಪ ತರುವಷ್ಟರಲ್ಲಿ

ನಮ್ಮ ಶಾಸಕ ಅಮಾತೆಪ್ಪ ಸಾಹೇಬರು ತೀರಿಕೊಂಡ ದಿನ ಹುನಗುಂದಕ್ಕೆ ಹುನಗುಂದವೇ ಅಳುತ್ತಿದ್ದರೆ, ಅವರ ಡ್ರೈವರ್ ರಾಜಮಹ್ಮದ ಗಾಡಿ ತೊಳೆಯುತ್ತಿದ್ದ. ತೊಳೆದ, ಒರೆಸಿದ, ಮತ್ತೆ ನೀರು ಹಾಕಿದ. ಮಣ್ಣಿಗೆ ಹೊರಡುವ ಹೊತ್ತಾದರೂ ಕೈಯಿಂದ ಬಕೆಟ್ ಬಿಡಲಿಲ್ಲ. ನೋಡಿದವರು, "ಇಷ್ಟ್ ವರ್ಷ ಅವರ ಉಪ್ಪು ಉಂಡಾನ, ಒಂದ್ ಹನಿ ಕಣ್ಣೀರಿಲ್ಲ ನೋಡ್ರಿ" ಎಂದು ಆಡಿಕೊಂಡರು. ಉಪ್ಪಿನ ವಿಷಯದಲ್ಲಿ ಅವರು ಹೇಳಿದ್ದು ಅವರಿಗೆ ಗೊತ್ತಿದ್ದಕ್ಕಿಂತ ಹೆಚ್ಚು ಖರೆ.

ನಾನು ಮಾದೇವಿ. ಹುನಗುಂದ ಬಸ್ ನಿಲ್ದಾಣದ ಹಿಂದೆ ನನ್ನದೊಂದು ಖಾನಾವಳಿ ಇದೆ. ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ 'ಸಾಹೇಬರು ಮೆಚ್ಚಿದ ಎಣಗಾಯಿ' ಎಂದು ಬೋರ್ಡು ಹಾಕಿಸಿದ್ದೇನೆ. ಕೋರ್ಟಿಗೆ ಬಂದವರು, ಎಪಿಎಂಸಿಗೆ ಬಂದವರು ಆ ಬೋರ್ಡು ನೋಡಿಯೇ ಒಳಗೆ ಕಾಲಿಡುತ್ತಾರೆ. ಈ ಬೋರ್ಡಿನ ಮಾತು ಆಮೇಲೆ ಬರುತ್ತದೆ, ನೆನಪಿಡಿ.

ಸಾಹೇಬರು ನಮ್ಮ ಶಾಸಕರಾದಾಗ ನನ್ನ ಮಕ್ಕಳು ಸಾಲಿಗೆ ಹೋಗುತ್ತಿದ್ದರು. ಈಗ ಆ ಮಕ್ಕಳ ಮಕ್ಕಳೂ ಸಾಲಿ ಮುಗಿಸುತ್ತಿದ್ದಾರೆ. ನಡುವೆ ಒಮ್ಮೆ ಸೋತದ್ದು ಬಿಟ್ಟರೆ ಅವರೇ. ರಸ್ತೆ ಮಾಡಿಸಿದರು, ನೀರು ತಂದರು, ತರುತ್ತೇನೆಂದು ಹೇಳಿ ಬಿಟ್ಟಿದ್ದೂ ಇದೆ. ಆದರೆ ಜನ ಅವರನ್ನು ಹಚ್ಚಿಕೊಂಡದ್ದು ಅದಕ್ಕಲ್ಲ. ಅವರು ಉಣ್ಣುತ್ತಿದ್ದರು. ಮನೆಗೆ ಬಂದವರು ಉಣ್ಣದೆ ಹೋದರೆ ನಮ್ಮ ಕಡೆ ಅದು ಮುನಿಸಿನ ಲೆಕ್ಕ. ಶಾಸಕ ಉಣ್ಣದೆ ಹೋದರೆ ಇಡೀ ಓಣಿ ಮುನಿಸಿಕೊಳ್ಳುತ್ತದೆ, ಆ ಮುನಿಸು ಮತಯಂತ್ರದ ತನಕ ಹೋಗುತ್ತದೆ. ಹಾಗಾಗಿ ಸಾಹೇಬರು ಅಮೀನಗಡದಲ್ಲಿ ಮದುವೆಯ ಹೋಳಿಗೆ ಉಂಡು, ಮಗ್ಗುಲ ಹಳ್ಳಿಯಲ್ಲಿ ಸೀಮಂತದ ಊಟ ಮಾಡಿ, ಇಳಕಲ್ಲಿನ ನೇಕಾರರ ಮನೆಯಲ್ಲಿ ಗೋದಿ ಹುಗ್ಗಿ ಉಂಡು, ಕತ್ತಲಾಗುವ ಮುಂಚೆ ನನ್ನ ಖಾನಾವಳಿಗೂ ಬಂದು ಎಣಗಾಯಿ ಹಾಕಿಸಿಕೊಳ್ಳುತ್ತಿದ್ದರು. ಮರುದಿನ ಫೋನು ಬೇರೆ: "ಮಾದೇವಕ್ಕ, ಬದನಿಕಾಯಿ ಬೆಣ್ಣಿ ಆಗಿತ್ತು. ಗುರೆಳ್ಳು ಮಾತ್ರ ಚೂರು ಜಾಸ್ತಿ ಹುರದಿದ್ರಿ." ಇಷ್ಟು ಗಮನವಿಟ್ಟು ಉಣ್ಣುವವರಿಗೆ ಓಟು ಹಾಕದೆ ಇನ್ಯಾರಿಗೆ ಹಾಕಲಿ?

ವಿಚಿತ್ರ ಎಂದರೆ ಇಷ್ಟು ಉಂಡರೂ ಸಾಹೇಬರು ಕಡ್ಡಿಯ ಹಾಗಿದ್ದರು. "ಜನರ ಚಿಂತಿ ಅವರನ್ನ ತಿಂದು ಹಾಕೇತಿ" ಎಂದು ನಾವೆಲ್ಲ ಮರುಗುತ್ತಿದ್ದೆವು. ಅತ್ತ ರಾಜಮಹ್ಮದ ವರ್ಷದಿಂದ ವರ್ಷಕ್ಕೆ ಊದಿದ. ಅವನ ಹೊಟ್ಟೆಗೂ ಸ್ಟೇರಿಂಗಿಗೂ ನಡುವೆ ಒಂದು ಕರವಸ್ತ್ರ ಹೋಗುವಷ್ಟು ಜಾಗ. "ಕುಂತು ಗಾಡಿ ಹೊಡೆಯೋರಿಗೆ ಹಿಂಗ ಆಗತೈತಿ" ಎಂದು ಅದಕ್ಕೂ ಕಾರಣ ಹುಡುಕಿಟ್ಟಿದ್ದೆವು.

ಸಾಹೇಬರದು ಇನ್ನೊಂದು ಪದ್ಧತಿ. ಯಾವ ಮನೆಗೆ ಹೋಗಲಿ, ಕೂಡುವ ಮೊದಲು, "ಡ್ರೈವರ್ ಉಂಡ್ನೇನು?" ಎಂದು ಕೇಳುತ್ತಿದ್ದರು. ಉಂಡಿಲ್ಲ ಎಂದರೆ ಅವನನ್ನು ಕರೆಸಿ ಮಗ್ಗುಲಲ್ಲೇ ಕೂಡಿಸಿಕೊಳ್ಳುತ್ತಿದ್ದರು. ದೊಡ್ಡವರು ಸಣ್ಣವರೆನ್ನದೆ ಒಂದೇ ಸಾಲಲ್ಲಿ ಉಣ್ಣುವ ಈ ಗುಣದ ಬಗ್ಗೆ ನಮ್ಮೂರಿನ ಹೆಡ್‌ಮಾಸ್ತರರು ಆಗಸ್ಟ್ ಹದಿನೈದಕ್ಕೆ ಭಾಷಣವನ್ನೇ ಮಾಡಿದ್ದರು. ಮಕ್ಕಳು ಬಿಸಿಲಲ್ಲಿ ನಿಂತು ಚಪ್ಪಾಳೆ ತಟ್ಟಿದ್ದವು.

ಈಗ ಗುಟ್ಟು ಹೇಳುತ್ತೇನೆ. ನನಗೆ ತಿಳಿದದ್ದು ಸಾಹೇಬರು ಹೋದ ಮೂರನೇ ದಿನ. ನಿಮಗೆ ಮೊದಲೇ ಬಡಿಸಿಬಿಡುತ್ತೇನೆ, ಹಸಿದವರನ್ನು ಕಾಯಿಸುವುದು ಖಾನಾವಳಿಯವಳಿಗೆ ಒಗ್ಗುವುದಿಲ್ಲ. ಸಾಹೇಬರು ಒಂದು ತುತ್ತೂ ಉಣ್ಣುತ್ತಿರಲಿಲ್ಲ. ಅವರದು ಹಳೆಯ ಹೊಟ್ಟೆನೋವು. ಎಣ್ಣೆ, ಖಾರ, ಸಿಹಿ ಯಾವುದೂ ತಾಳುತ್ತಿರಲಿಲ್ಲ. ಮಗ್ಗುಲಲ್ಲಿ ಕುಳಿತ ರಾಜಮಹ್ಮದ ತನ್ನ ಎಲೆಯನ್ನು ಬೇಗ ಬೇಗ ಖಾಲಿ ಮಾಡುತ್ತಿದ್ದ. ಆಗ ಸಾಹೇಬರು ನಗುತ್ತ, "ಅವ್ವಾರ, ಚೂರು ತುಪ್ಪ ಐತೇನ್ರಿ?" ಎನ್ನುತ್ತಿದ್ದರು. ಶಾಸಕರು ಬಾಯಿಬಿಟ್ಟು ತುಪ್ಪ ಕೇಳಿದರೆ ಯಾವ ಮನೆಯವಳು ನಿಂತಾಳು? ಅವಳು ಒಳಗೆ ಓಡುತ್ತಿದ್ದಳು, ಉಳಿದವರ ಕಣ್ಣು ಅವಳ ಬೆನ್ನ ಹಿಂದೆ. ತುಪ್ಪ ಬರುವಷ್ಟರಲ್ಲಿ ಎಲೆ ಅದಲು ಬದಲು. ಖಾಲಿ ಎಲೆ ಸಾಹೇಬರ ಮುಂದೆ, ತುಂಬಿದ್ದು ಡ್ರೈವರ್ ಮುಂದೆ. ಸಾಹೇಬರು ತೇಗುತ್ತಿದ್ದರು. ಆ ತೇಗು ಖಾಲಿ ಹೊಟ್ಟೆಯದು ಎಂದು ಯಾರಿಗೂ ಹೊಳೆಯಲಿಲ್ಲ.

ಅವರ ಊಟ ಇರುತ್ತಿದ್ದದ್ದು ಗಾಡಿಯಲ್ಲಿ, ರಾಜಮಹ್ಮದನ ಹೆಂಡತಿ ಹುಸೇನಬಿ ಕಟ್ಟಿಕೊಟ್ಟ ಡಬ್ಬಿಯಲ್ಲಿ. ಜೋಳದ ನುಚ್ಚು, ಮಜ್ಜಿಗೆ. ಶಿವಯೋಗ ಮಂದಿರದ ಹತ್ತಿರ ಹೊಳೆ ದಂಡೆಯಲ್ಲೋ ಎಲ್ಲಿಯಾದರೂ ಗಿಡದ ನೆರಳಲ್ಲೋ ಗಾಡಿ ನಿಲ್ಲಿಸಿ ಉಣ್ಣುತ್ತಿದ್ದರಂತೆ. ಈ ಮಾತು ಊರಲ್ಲಿ ಯಾರಿಗೂ ಗೊತ್ತಿಲ್ಲ. ನೀವೂ ಹೇಳಬೇಡಿ.

ಇರಲಿ. ಸಾಹೇಬರು ಬಾಗಲಕೋಟೆಯ ದವಾಖಾನೆಯಲ್ಲಿ ನಿದ್ದೆಯಲ್ಲೇ ಹೋದರು. ಊರಿನಲ್ಲಿ ಅಂಗಡಿ ಮುಚ್ಚಿದವು, ಬ್ಯಾನರ್ ಏರಿದವು. ಮಣ್ಣು ಕೊಟ್ಟು ಬಂದ ಮೇಲೆ ಅಳು ನಿಧಾನಕ್ಕೆ ಪೈಪೋಟಿಯಾಯಿತು. "ನಮ್ಮನಿ ಹೋಳಗಿ ಅಂದ್ರ ಜೀವಾ ಬಿಡತಿದ್ರು" ಎಂದು ಒಬ್ಬಳು ಕಣ್ಣೊರೆಸಿಕೊಂಡರೆ, "ಹೋಳಗಿ ಎಲ್ಲಾರ ಮನ್ಯಾಗೂ ಇರತೈತಿ, ನಮ್ಮನಿ ಮಾದಲಿಗೆ ಮೂರ ಸಲ ಕೈ ಚಾಚಿದ್ರು" ಎಂದು ಇನ್ನೊಬ್ಬಳು ಮೂಗೊರೆಸಿಕೊಳ್ಳುತ್ತಿದ್ದಳು. ಸುಮ್ಮನಿರುವ ಜಾಯಮಾನ ನನ್ನದೂ ಅಲ್ಲ. ಬೋರ್ಡು ಇದೆಯಲ್ಲ, ಓದಿಕೊಳ್ಳಿ ಎಂದೆ.

ಮರುದಿನ ಹುಸೇನಬಿ ನನ್ನನ್ನು ಪಕ್ಕಕ್ಕೆ ಕರೆದಳು. "ಅಕ್ಕಾರ, ನಮ್ಮನಿಯವರು ಒಂದ್ ತುತ್ತು ನುಂಗಿಲ್ಲರಿ. ತಾಟ ಮುಂದ ಇಟ್ರ ಬಾಜೂಕ ನೋಡ್ತಾರ, ಎದ್ದ ಹೋಗ್ತಾರ. ಹಿಂಗಾದ್ರ ಹೆಂಗರಿ?" ಆ ಮೈಯವನು ಉಪವಾಸ ಎಂದರೆ ನನಗೆ ನಿಜಕ್ಕೂ ಭಯವಾಯಿತು. ನಾಳೆ ಸಾಹೇಬರ ಎಡೆ ಆಗಲಿ, ನಾನೇ ಕೂಡಿಸಿ ಉಣಿಸುತ್ತೇನೆ ಎಂದು ಹೇಳಿ ಕಳಿಸಿದೆ.

ಮೂರನೇ ದಿನ ಸಾಹೇಬರ ಹೊಲದಲ್ಲಿ, ಮಣ್ಣು ಕೊಟ್ಟ ಜಾಗದಲ್ಲಿ, ಎಡೆ. ಹೋದವರಿಗೆ ಇಷ್ಟವಾದದ್ದನ್ನು ಇಟ್ಟು ದೂರ ನಿಲ್ಲಬೇಕು. ಕಾಗೆ ಬಂದು ಮುಟ್ಟಿದರೆ ಹೋದವರು ತೃಪ್ತಿಯಾಗಿ ಹೋದರೆಂದು ಲೆಕ್ಕ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ. ಮುಟ್ಟುವವರೆಗೆ ಯಾರೂ ಉಣ್ಣುವಂತಿಲ್ಲ. ಹುನಗುಂದ, ಇಳಕಲ್, ಅಮೀನಗಡ ಎಲ್ಲ ಕಡೆಯಿಂದ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಬಂದಿದ್ದರು. ಎಲ್ಲರದರಲ್ಲೂ ಚೂರು ಚೂರು ಹಾಕುತ್ತ ಹೋದಂತೆ ಪತ್ರಾವಳಿಯ ಮೇಲೆ ಗುಡ್ಡವೇ ಎದ್ದಿತು. ತುದಿಯಲ್ಲಿ ಕರದಂಟಿನ ತುಂಡು, ಅದರ ಕೆಳಗೆಲ್ಲೋ ನನ್ನ ಎಣಗಾಯಿ.

ಕಾಗೆಗಳು ಬಂದಿರಲಿಲ್ಲ ಎಂದಲ್ಲ. ಬೇವಿನ ಗಿಡದ ಮೇಲೆ ವಿಧಾನಸಭೆಯ ಹಾಗೆ ಕಿಕ್ಕಿರಿದು ಕುಳಿತಿದ್ದವು. ಇಳಿಯಲು ಒಂದೂ ತಯಾರಿಲ್ಲ.

ಬಿಸಿಲೇರಿತು. ಆಸೆ ಯಾವುದು ಉಳಿದಿದೆ ಎಂದು ಗುಸುಗುಸು ಸುರುವಾಯಿತು. ಪುರಸಭೆಯ ಸದಸ್ಯರೊಬ್ಬರು ಮುಂದೆ ಬಂದು ಕೈಮುಗಿದು, "ಸಾಹೇಬ್ರ, ಬಸ್‌ಸ್ಟ್ಯಾಂಡ್ ಸರ್ಕಲ್‌ಗೆ ನಿಮ್ಮ ಹೆಸರು ಇಡ್ತೇವಿ" ಎಂದರು. ಕಾಗೆ ಇಳಿಯಲಿಲ್ಲ. "ಮೂರ್ತಿನೂ ಕೂಡಸ್ತೇವಿ." ಇಲ್ಲ. ವಿರೋಧ ಪಕ್ಷದ ಮುಖಂಡರು, "ನಿಮ್ಮ ಬಗ್ಗೆ ಆಡಿದ್ದೆಲ್ಲಾ ವಾಪಸ್ ತಗೊಂಡೇನ್ರಿ" ಎಂದರು. ಒಂದು ಕಾಗೆ ಕತ್ತು ಹೊರಳಿಸಿ ನೋಡಿತು, ನಂಬಲಿಲ್ಲ. ಅಧಿಕಾರಿಯೊಬ್ಬರು, "ಏತ ನೀರಾವರಿ ವಿಷಯ ಪರಿಶೀಲನೆಯಲ್ಲಿದೆ" ಎಂದಾಗ ಎರಡು ಕಾಗೆ ಹಾರಿಯೇ ಹೋದವು. ಇಷ್ಟು ವರ್ಷ ಅವರು ನಮಗೆ ಆಶ್ವಾಸನೆ ಕೊಟ್ಟಿದ್ದರು, ಈಗ ಸರತಿ ನಮ್ಮದು. ಕೊಡುವವರ ಸಾಲು ಮುಗಿಯಿತೇ ಹೊರತು ಕಾಗೆ ಅಲ್ಲಾಡಲಿಲ್ಲ.

ಆಗ ಎಲ್ಲರ ಕಣ್ಣು ದೂರದಲ್ಲಿ ಗಾಡಿಗೆ ಒರಗಿ ನಿಂತಿದ್ದ ರಾಜಮಹ್ಮದನ ಮೇಲೆ ಬಿತ್ತು. "ದಿನಾ ಬಾಜೂಕ ಕುಂತು ಉಂಡಾನ, ಅವಗ ಗೊತ್ತಿರತೈತಿ." ಎಳೆದು ತಂದು ಸುತ್ತುಗಟ್ಟಿದರು. "ಖರೆ ಹೇಳೋ, ಸಾಹೇಬ್ರು ಯಾರ ಮನಿ ಊಟ ಭಾಳ ಇಷ್ಟಪಟ್ಟು ಉಣತಿದ್ರು?"

ಅವನ ಮುಖ ನೋಡಬೇಕಿತ್ತು. ಒಂದು ಹೆಸರು ಹೇಳಿದರೆ ಉಳಿದ ಬುಟ್ಟಿಗಳೆಲ್ಲ ಅವನ ತಲೆಯ ಮೇಲೆ. ಖರೆ ಹೇಳಿದರೆ ಇಡೀ ಕ್ಷೇತ್ರದ ಹೊಟ್ಟೆಗೆ ಬೆಂಕಿ. ಹೇಳದಿದ್ದರೆ ಸಾಹೇಬರು ಉಪವಾಸ. "ಎಲ್ಲಾರ ಮನಿದೂ..." ಎಂದು ತೊದಲಿದ. ಗಿಡದ ಮೇಲಿಂದ ಒಂದು ಕಾಗೆ ಕಾ ಎಂದಿತು. ಅವನು ಬೆವತು ಬಾಯಿ ಮುಚ್ಚಿಕೊಂಡ.

ಅಷ್ಟು ಹೊತ್ತು ಕಂಬಳಿಯ ಮೇಲೆ ಸುಮ್ಮನೆ ಕುಳಿತಿದ್ದ ಸಕ್ರವ್ವ, ಸಾಹೇಬರ ಅಕ್ಕ, ಕೋಲೂರಿ ಎದ್ದಳು. ಆಕೆಯ ಮಾತಿಗೆ ಆ ಮನೆಯಲ್ಲಿ ಎದುರಿಲ್ಲ. "ನಿಮಗ ಯಾರಿಗೂ ಬುದ್ಧಿ ಇಲ್ಲ. ನನ್ನ ತಮ್ಮ ಎಲ್ಲಿ ಹೋದ್ರೂ ಮೊದಲ ಏನ್ ಕೇಳತಿದ್ದ?" ಎಂದಳು. ಆಮೇಲೆ ತಾನೇ ಉತ್ತರ ಕೊಟ್ಟಳು. "ಡ್ರೈವರ್ ಉಂಡ್ನೇನು?"

ಯಾರೋ ಬಿಕ್ಕಿದರು. ರಾಜಮಹ್ಮದನನ್ನು ಕೈಹಿಡಿದು ಎಡೆಯ ಮಗ್ಗುಲಲ್ಲಿ ಕೂಡಿಸಿದರು. ಮುಂದೆ ಇನ್ನೊಂದು ಪತ್ರಾವಳಿ ಹಾಸಿದರು. ಅವನಿಗೇನು ಬಡಿಸುವುದು ಎಂದು ಮತ್ತೆ ಜಗಳ ಏಳುವಷ್ಟರಲ್ಲಿ ಹುಸೇನಬಿ ತಾನು ತಂದ ಡಬ್ಬಿ ತೆಗೆದು ನುಚ್ಚು ಹಾಕಿ ಮಜ್ಜಿಗೆ ಸುರಿದಳು. "ಮೂರ ದಿನದಿಂದ ಹೊಟ್ಟಿ ಖಾಲಿ ಐತ್ರಿ. ಮೊದಲ ಇದಾಗಲಿ" ಎಂದಳು. ಎಲ್ಲರೂ ಹೌದೆಂದರು.

ರಾಜಮಹ್ಮದ ನುಚ್ಚು ನೋಡಿದ. ಮಗ್ಗುಲಿನ ಗುಡ್ಡ ನೋಡಿದ. ಆಮೇಲೆ ತಲೆ ಎತ್ತಿ, ಸಾಹೇಬರು ಕೇಳುತ್ತಿದ್ದ ಹಾಗೆಯೇ ಮೆತ್ತಗೆ ಕೇಳಿದ: "ಅವ್ವಾರ, ಚೂರು ತುಪ್ಪ ಐತೇನ್ರಿ?"

ಹೆಣ್ಣುಮಕ್ಕಳೆಲ್ಲ ಒಮ್ಮೆಲೇ ಬುಟ್ಟಿಗಳ ಕಡೆ ತಿರುಗಿದರು. ಗಂಡಸರು "ತುಪ್ಪ, ತುಪ್ಪ" ಎಂದು ಅವರ ಬೆನ್ನು ಹತ್ತಿದರು. ನಾನೊಬ್ಬಳು ತಿರುಗಲಿಲ್ಲ. ತುಪ್ಪದ ತಂಬಿಗೆ ನನ್ನ ಕೈಯಲ್ಲೇ ಇತ್ತು.

ಹಾಗಾಗಿ ನಾನು ನೋಡಿದೆ. ಆ ದಪ್ಪ ಕೈಗಳು ಎರಡು ಎಲೆಯನ್ನೂ ಒಟ್ಟಿಗೆ ಹಿಡಿದು ಸರಕ್ಕನೆ ಅದಲು ಬದಲು ಮಾಡಿದವು. ಒಂದು ಅಗುಳೂ ನೆಲಕ್ಕೆ ಬೀಳಲಿಲ್ಲ. ನುಚ್ಚು ಸಾಹೇಬರ ಮುಂದೆ, ಗುಡ್ಡ ಇವನ ಮುಂದೆ. ಗಿಡದಿಂದ ಮೊದಲ ಕಾಗೆ ನೇರ ಇಳಿದು ನುಚ್ಚಿಗೆ ಬಾಯಿ ಹಾಕಿತು. ಅದರ ಹಿಂದೆ ಇಡೀ ಸದನ ಇಳಿಯಿತು.

ಜನ ತುಪ್ಪ ಹಿಡಿದು ತಿರುಗುವ ಹೊತ್ತಿಗೆ ಎಲೆಯ ತುಂಬ ರೆಕ್ಕೆ. ಯಾವುದು ನುಚ್ಚು, ಯಾವುದು ಹೋಳಿಗೆ ಎಂದು ದೇವರೂ ಹೇಳಲಾರ. "ನಮ್ಮ ಹೋಳಗಿನ ಮೊದಲ ಮುಟ್ಟಿತು, ನಾ ಕಣ್ಣಾರೆ ನೋಡಿದೆ" ಎಂದು ಕನಿಷ್ಠ ಹತ್ತು ಮಂದಿ ಆಣೆ ಇಟ್ಟರು. ರಾಜಮಹ್ಮದ ಎರಡೂ ಗಲ್ಲ ಉಬ್ಬಿಸಿಕೊಂಡು ಗುಡ್ಡ ಕರಗಿಸುತ್ತಿದ್ದ. ಅವನ ಎಲೆಯಲ್ಲಿ ಅಷ್ಟು ಊಟ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಅವನು ಹಾಗೆ ಉಣ್ಣುವುದನ್ನು ನೋಡಿ ಎಲ್ಲರಿಗೂ ರೂಢಿಯಾಗಿತ್ತು. ಕಣ್ಣೀರು ಮಾತ್ರ ಆಗ ಬಂತು, ಉಣ್ಣುತ್ತಲೇ ಅತ್ತ.

ನನಗೆ ಬಂದದ್ದು ಸಿಟ್ಟು. ಎಲೆ ಬದಲಾದ ಆ ಒಂದು ಗಳಿಗೆಯಲ್ಲಿ ಕಡ್ಡಿಯಂಥ ಸಾಹೇಬರು, ಊದಿದ ಡ್ರೈವರ್, ಪ್ರತಿ ಊಟದಲ್ಲೂ ಕೇಳಿದ ತುಪ್ಪ, ಎಲ್ಲ ಒಟ್ಟಿಗೆ ತಲೆಗೆ ಹತ್ತಿತು. ನನ್ನ ಖಾನಾವಳಿಯಲ್ಲೂ ಇದೇ ಆಟ. ಖಾನಾವಳಿಗೆ ಬಂದವಳೇ ಸ್ಟೂಲು ಹಾಕಿ ಬೋರ್ಡು ಬಿಚ್ಚಲು ಹತ್ತಿದೆ. ಮೊಳೆ ತುಕ್ಕು ಹಿಡಿದಿತ್ತು, ಬರಲಿಲ್ಲ.

ಕೆಲವು ದಿನ ಬಿಟ್ಟು ಹುಸೇನಬಿ ಮತ್ತೆ ಬಂದಳು. ಆವತ್ತು ಉಂಡವನು ಆಮೇಲೆ ಮತ್ತೆ ಊಟ ಬಿಟ್ಟಿದ್ದಾನಂತೆ. ಕಳಿಸು ಎಂದೆ. ರಾಜಮಹ್ಮದ ಬಂದು ತಲೆ ತಗ್ಗಿಸಿ ಕುಳಿತ. ಅಂಗಿ ಸಡಿಲಾಗಿತ್ತು. ಅವನ ಅಂಗಿ ಸಡಿಲಾದದ್ದನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ.

"ಅಕ್ಕಾರ, ಅವತ್ತ ನೀವು ನೋಡಿದ್ರಿ."

"ನೋಡಿದೆ. ಬೋರ್ಡ್ ತಗಿಸ್ತೇನಿ. ಸುಳ್ಳ ಬೋರ್ಡ್ ಯಾಕ ಬೇಕು?"

"ಸುಳ್ಳಲ್ಲರಿ." ಈಗ ತಲೆ ಎತ್ತಿದ. "ಇಲ್ಲಿಂದ ಹೋದ ಮ್ಯಾಲ ಗಾಡ್ಯಾಗ ಡಬ್ಬಿ ಬಿಚ್ಚತಿದ್ರು. ಒಂದ್ ತುತ್ತು ನುಚ್ಚು ಬಾಯಾಗ ಇಟ್ಕೊಂಡು, ಹೇಳೋ ರಾಜಮಹ್ಮದ, ಮಾದೇವಕ್ಕನ ಎಣಗಾಯಿ ಹೆಂಗಿತ್ತು ಅಂತಿದ್ರು. ನಾ ಹೇಳಾಂವ. ಕಾಯಿ ಎಷ್ಟ ಬೆಂದಿತ್ತು, ಶೇಂಗಾ ಎಷ್ಟ ಬಿದ್ದಿತ್ತು, ಗುರೆಳ್ಳು ಹೆಂಗ ಹುರದಿದ್ರಿ, ಎಲ್ಲಾ. ಕಣ್ಣ ಮುಚ್ಚಿ ಕೇಳತಿದ್ರು. ಮತ್ತೊಮ್ಮೆ ಹೇಳೋ ಅಂತಿದ್ರು. ಹಂಗ ಡಬ್ಬಿ ಖಾಲಿ ಮಾಡತಿದ್ರು." ಮಗ್ಗುಲಿನ ಖಾಲಿ ಜಾಗ ನೋಡಿದ. "ಈಗ ಉಂಡು ಯಾರಿಗೆ ಹೇಳ್ಲಿ ಅಕ್ಕಾರ?"

ನಾನು ಒಳಗೆ ಹೋಗಿ ಎರಡು ರೊಟ್ಟಿ, ಎಣಗಾಯಿ ಹಾಕಿ ತಂದು ಅವನ ಮುಂದಿಟ್ಟೆ. ಸ್ಟೂಲು ಎಳೆದು ಮಗ್ಗುಲಲ್ಲಿ ಕುಳಿತೆ.

"ನನಗೂ ಡಾಕ್ಟರು ಎಣ್ಣಿ ಬಿಡಬೇಕು ಅಂದಾರಪಾ. ನಾ ಮಾಡಿದ್ದು ನಾನ ತಿಂದು ಭಾಳ ದಿನ ಆತು" ಎಂದೆ. "ಉಂಡು ಹೇಳು, ಹೆಂಗಾಗೇತಿ?"

ರಾಜಮಹ್ಮದ ನನ್ನ ಮುಖ ನೋಡಿದ. ರೊಟ್ಟಿ ಮುರಿದ, ಅದ್ದಿಕೊಂಡ, ಕಣ್ಣುಮುಚ್ಚಿ ನಿಧಾನ ಅಗಿದ.

"ಬದನಿಕಾಯಿ ಬೆಣ್ಣಿ ಆಗೇತಿ ಅಕ್ಕಾರ" ಎಂದ. "ಗುರೆಳ್ಳು ಮಾತ್ರ ಚೂರು ಜಾಸ್ತಿ ಹುರದೀರಿ."

ತುಪ್ಪ ತರುತ್ತೇನೆ ಎಂದು ಹೇಳಿ ನಾನು ಒಳಗೆ ಹೋದೆ. ತಂಬಿಗೆ ಎದುರಿಗೇ ಇದ್ದರೂ ಕಣ್ಣೊರೆಸಿಕೊಂಡು ತರಲು ಸ್ವಲ್ಪ ಹೊತ್ತು ಹಿಡಿಯಿತು.