ಕೌದಿಯ ನಾಲ್ಕನೇ ಮೂಲೆ

ಆ ದಿನಗಳಲ್ಲಿ ನಮ್ಮ ಮನೆಯ ವರಾಂಡಕ್ಕೆ ಚಿಂದಿ ಬಟ್ಟೆ ಮೂಟೆಗಟ್ಟಲೆ ಬಂದು ಬೀಳುತ್ತಿತ್ತು. ವಿಜಯವಾಡದ ಆಟೋನಗರ್‌ನಲ್ಲಿ ಅಪ್ಪನದೊಂದು ಲಾರಿ ರಿಪೇರಿ ಶೆಡ್ ಇತ್ತು. ಗ್ರೀಸು ಒರೆಸುವ ಚಿಂದಿಯನ್ನು ಅವರು ಒನ್ ಟೌನ್ ಪೇಟೆಯಿಂದ ತಂದು, ಶೆಡ್ಡಿನಲ್ಲಿ ಜಾಗ ಸಾಲದೆ ಮನೆಯಲ್ಲಿ ಇಳಿಸುತ್ತಿದ್ದರು. ದರ್ಜಿ ಅಂಗಡಿಗಳಲ್ಲಿ ಕತ್ತರಿಸಿ ಉಳಿದ ತುಂಡುಗಳೇ ಹೆಚ್ಚು. ಹೊಸ ಬಟ್ಟೆಯ ಗಂಜಿಯ ವಾಸನೆ, ಅಪ್ಪನ ಅಂಗಿಯ ಡೀಸೆಲ್ ವಾಸನೆ, ಪಕ್ಕದ ಮನೆಯಲ್ಲಿ ಉಪ್ಪಿನಕಾಯಿಗೆ ಕುಟ್ಟುವ ಸಾಸಿವೆಯ ಘಾಟು. ನಾನು ಮೂಟೆ ಹತ್ತಿ ಜಿಗಿಯುತ್ತಿದ್ದೆ.

ನನಗಾಗ ಹತ್ತು ವರ್ಷ. ಅಪ್ಪ ತೆಲುಗಿನವರು, ಅವ್ವ ಗದಗಿನ ಕಡೆಯವಳು. ಆ ಬೇಸಿಗೆ ಅವ್ವನ ತಾಯಿ, ನನ್ನ ಆಯಿ, ಗದಗಿನಿಂದ ಬಂದಿದ್ದಳು. ಅವಳಿಗೆ ತೆಲುಗು ಒಂದಕ್ಷರ ಬರುತ್ತಿರಲಿಲ್ಲ. ಬಂದ ಮರುದಿನವೇ ಮೂಟೆ ಬಿಚ್ಚಿ, ಇಂಥ ಅರಿವಿಗೆ ಎಣ್ಣಿ ಹಚ್ಚತಾರೇನು ಎಂದು ಅಳಿಯನಿಗೆ ಕೇಳಿಸುವಂತೆ ಅವ್ವನನ್ನು ಬೈದಳು. ಒಳ್ಳೆಯ ನೂಲಿನ ತುಂಡುಗಳನ್ನು ಆರಿಸಿ, ಅಂಟವಾಳಕಾಯಿ ಹಾಕಿದ ಬಿಸಿನೀರಿನಲ್ಲಿ ಎರಡು ಸಲ ತೊಳೆದು ಒಣಗಿಸಿದಳು. ವಿಶಾಖಪಟ್ಟಣದಲ್ಲಿ ಅಪ್ಪನ ತಂಗಿಗೆ ಆಗಷ್ಟೇ ಚೊಚ್ಚಲ ಹೆರಿಗೆಯಾಗಿತ್ತು. ಆ ಕೂಸಿಗೆ ಒಂದು ಕೌದಿ ಹೊಲಿಯಬೇಕೆಂದು ಆಯಿ ನಿರ್ಧರಿಸಿದ್ದಳು.

ತಳಕ್ಕೆ ಅವ್ವನ ಹಳೆ ಸೀರೆ ಮೂರು ಪದರ, ಮೇಲೆ ಬಣ್ಣದ ತುಂಡುಗಳು, ಸುತ್ತ ಇಳಕಲ್ ಸೀರೆಯ ಕೆಂಪು ಅಂಚು. ನಡುವೆ ನನ್ನ ಶಾಲೆಯ ನೀಲಿ ಲಂಗದ ಒಂದು ಚೌಕ. ಪಕ್ಕದ ಮನೆಯಾಕೆ ಬಂದು, ಈ ಸೆಖೆಯಲ್ಲಿ ಬೊಂತ ಯಾರು ಹೊದೆಯುತ್ತಾರೆ ಎಂದು ನಕ್ಕಳು. ಕೌದಿಗೆ ತೆಲುಗಿನವರು ಬೊಂತ ಎನ್ನುತ್ತಾರೆ. ನಾನು ಅದನ್ನು ಕನ್ನಡದಲ್ಲಿ ಹೇಳಿದ್ದಕ್ಕೆ ಆಯಿ ಎಂದಳು:

"ಹೊದಿಯಾಕಲ್ಲ, ಹಾಸಾಕ ಅನ್ನು. ನಮ್ಮ ಕೂಸು ಇವರಂಗ ಬರೇ ನೆಲದ ಮ್ಯಾಲೆ ಉಳ್ಳಾಡೂದಿಲ್ಲ ಅನ್ನು."

ನಾನು ಮೊದಲರ್ಧವನ್ನಷ್ಟೇ ತೆಲುಗಿಗೆ ತಂದೆ. ಇಡೀ ಬೇಸಿಗೆ ನನ್ನ ಕೆಲಸ ಇದೇ ಆಗಿತ್ತು.

ಹೊಲಿಗೆಯನ್ನೂ ಕಲಿತೆ. ಅಂಚಿನಿಂದ ಸುತ್ತು ಹಾಕುತ್ತ ಒಳಗೆ ಬರಬೇಕು, ಒಂದೊಂದು ಹೊಲಿಗೆಯೂ ಅಕ್ಕಿಕಾಳಿನಷ್ಟೇ ಇರಬೇಕು. ಉದ್ದವಾದರೆ ಆಯಿ ಮಾತಾಡದೆ ಬಿಚ್ಚುತ್ತಿದ್ದಳು. ಮೂರು ಮೂಲೆಗಳನ್ನು ನನ್ನ ಕೈಯಲ್ಲೇ ಮಡಿಸಿ ಹೊಲಿಸಿದಳು. ನಾಲ್ಕನೆಯದು ಮಾತ್ರ ಅವಳದೇ. ಆ ಮೂಲೆಯನ್ನು ಕೊನೆಯವರೆಗೂ ತೆರೆದಿಟ್ಟು, ಅದರೊಳಗೆ ಒಂದು ಚೂರು ಜೋಳದ ರೊಟ್ಟಿ, ನಾಲ್ಕು ಕಾಳು ಇಟ್ಟು ಮುಚ್ಚುವುದು ಅವರ ಮನೆಯ ಪದ್ಧತಿ. ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಿದ್ದರು. ಖಾಲಿ ಹೊಟ್ಟೆಯ ಕೌದಿಯ ಮೇಲೆ ಮಲಗಿದ ಕೂಸು ಹಸಿಯುತ್ತದಂತೆ. ತುತ್ತು ಒಳಗೆ ಅಲುಗಾಡಬಾರದು, ದಾರದ ತುದಿ ಹೊರಗೆ ಕಾಣಬಾರದು. ಹಾಗೆ ಮುಚ್ಚುವ ಹೊಲಿಗೆಯೇ ಬೇರೆ.

"ಈ ಸಲ ನೋಡು. ಮುಂದಿನ ಬ್ಯಾಸಗಿಗೆ ನೀನ ಹಾಕೀಯಂತ" ಎಂದಳು.

ನಾನು ನೋಡಲಿಲ್ಲ. ಆ ವಾರ ನನ್ನದೊಂದು ಹಾಲುಹಲ್ಲು ಬಿದ್ದಿತ್ತು. ಅಪ್ಪ ನನ್ನನ್ನು ಬೋಸಿನೋರು, ಬೋಸಿನೋರು ಎಂದು ರೇಗಿಸುತ್ತಿದ್ದರು, ಅಂದರೆ ಬೊಚ್ಚುಬಾಯಿ. ಹಲ್ಲನ್ನು ನಾನು ಕಡ್ಡಿಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೆ. ಕೂಸಿಗೆ ತುತ್ತು ಕೊಟ್ಟ ಮೇಲೆ ಅಗಿಯಲು ಹಲ್ಲೂ ಬೇಕಲ್ಲ ಎನ್ನಿಸಿತು. ಆಯಿ ನೀರು ಕುಡಿಯಲು ಎದ್ದಾಗ ಹಲ್ಲನ್ನು ರೊಟ್ಟಿಯ ಪಕ್ಕಕ್ಕೆ ತುರುಕಿ, ಸಿಕ್ಕಿಬೀಳುವ ಭಯಕ್ಕೆ ಬೀದಿಗೆ ಓಡಿಹೋದೆ. ವಾಪಸು ಬಂದಾಗ ಮೂಲೆ ಮುಚ್ಚಿತ್ತು.

ನಾಮಕರಣಕ್ಕೆ ನಾವು ನಾಲ್ವರೂ ವಿಶಾಖಪಟ್ಟಣಕ್ಕೆ ಹೋದೆವು. ಅತ್ತೆ ಕೌದಿ ನೋಡಿ ಬೊಂತ ಬಂತು ಎಂದು ನಕ್ಕರೂ ತೊಟ್ಟಿಲಿಗೆ ಹಾಸಿದಳು. ನಾಲ್ಕನೇ ದಿನ ಕೂಸಿಗೆ ಜ್ವರ ಬಂತು. ಅದೇ ದಿನ ತೊಟ್ಟಿಲಿಗೆ ಇರುವೆ ಸಾಲು ಹತ್ತಿತು. ಕಡಲ ಊರಿನ ತೇವಕ್ಕೆ ರೊಟ್ಟಿ ಹಳಸಿದ್ದಿರಬೇಕು. ಇರುವೆಗಳು ಹೋಗುತ್ತಿದ್ದ ಮೂಲೆಯನ್ನು ಅತ್ತೆ ಮುಟ್ಟಿ ನೋಡಿ, ಒಳಗೆ ಗಂಟು ಸಿಕ್ಕಿದ್ದರಿಂದ ಕತ್ತರಿ ಹಾಕಿದಳು. ಅಂಗೈಯಲ್ಲಿ ಹಿಡಿದು ನಮ್ಮೆಲ್ಲರಿಗೂ ತೋರಿಸಿದಳು. ಬೂಷ್ಟು ಹಿಡಿದ ರೊಟ್ಟಿ, ನಾಲ್ಕು ಜೋಳದ ಕಾಳು, ಒಂದು ಹಲ್ಲು.

"ಚೇತಬಡಿ" ಎಂದಳು. ಮಾಟ.

ಯಾವ ಸತ್ತವರ ಬಟ್ಟೆಯನ್ನೋ ಹೊಲಿದು ತಂದಿದ್ದಾಳೆ ಈ ಮುದುಕಿ ಎಂದೂ ಹೇಳಿದಳು. ಆಯಿ ನನ್ನತ್ತ ತಿರುಗಿ ಕೇಳಿದಳು:

"ಏನಂತಾಳ ಆಕಿ?"

ಒಂದು ತಿಂಗಳು ಎಲ್ಲರ ಮಾತನ್ನೂ ದಾಟಿಸಿದ್ದ ನಾನು ಆಗ ಸುಮ್ಮನೆ ನಿಂತೆ. ಅವ್ವ ನನ್ನ ರಟ್ಟೆ ಹಿಡಿದು, "ನೀ ಬಾಯಿ ತೆರೀಬ್ಯಾಡ" ಎಂದಳು.

ಆ ಕೋಣೆಯಲ್ಲಿ ಯಾರಿಗೆ ಏನು ಗೊತ್ತಿತ್ತು ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ. ಅವ್ವನಿಗೆ ಪದ್ಧತಿ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು. ಮದುವೆಗೆ ಆಯಿ ಕೊಟ್ಟ ಕೌದಿಯ ಮೇಲೆ ಅವರು ಹನ್ನೆರಡು ವರ್ಷ ಮಲಗಿದ್ದರು. ಹಲ್ಲು ಯಾರದೆಂದು ಕೇಳುವ ಅಗತ್ಯವೂ ಇರಲಿಲ್ಲ, ನನ್ನ ಬಾಯಿ ನೋಡಿದ್ದರೆ ಸಾಕಿತ್ತು. ಅಪ್ಪ ಕಿಟಕಿಯಾಚೆ ನೋಡಿದರು. ತಂಗಿಯ ಮನೆಯ ಸಂಬಂಧ ಕೆಡಬಾರದು ಎಂಬುದು ಅವರ ಲೆಕ್ಕಾಚಾರ. ಗಂಡನ ಮುಖ ನೋಡಿ ಅವ್ವ ತಲೆ ತಗ್ಗಿಸಿದಳು.

ನನ್ನ ಬಾಯಿಯನ್ನು ನೋಡಿದ್ದು ಆಯಿ ಒಬ್ಬಳೇ. ಯಾರೂ ಅನುವಾದಿಸದೆಯೂ ಅವಳಿಗೆ ಎಲ್ಲ ತಿಳಿಯಿತು.

"ನಾನ ಇಟ್ಟೇನಿ ಅಂತ ಹೇಳಿಬಿಡು" ಎಂದು ಅವ್ವನಿಗೆ ಹೇಳಿ, ಮಾಡದ ತಪ್ಪಿಗೆ ಅತ್ತೆಯ ಮುಂದೆ ಕೈ ಮುಗಿದಳು.

ಅವ್ವ ಅದನ್ನು ತೆಲುಗಿನಲ್ಲಿ ಹೇಳಿದಳು. ಅಪ್ಪ ತಡೆಯಲಿಲ್ಲ. ಮರುದಿನ ಕೂಸಿನ ಜ್ವರ ಬಿಟ್ಟಿತು. ಅತ್ತೆಗೆ ಅದೇ ಸಾಕ್ಷಿಯಾಯಿತು.

ವಿಜಯವಾಡಕ್ಕೆ ಮರಳಿದ ವಾರದಲ್ಲೇ ಆಯಿಯನ್ನು ರೈಲು ಹತ್ತಿಸಿದರು. ಕಿಟಕಿಯಿಂದ ನನ್ನ ಗಲ್ಲ ಹಿಡಿದು, "ಹಲ್ಲು ಮಾಳಿಗಿ ಮ್ಯಾಲೆ ಒಗೀಬೇಕ ತಂಗಿ, ಕೌದ್ಯಾಗ ಇಡಬಾರದು" ಎಂದು ನಕ್ಕಳು. ಆ ಮೇಲೆ ಅವಳು ನಮ್ಮಲ್ಲಿಗೆ ಬರಲಿಲ್ಲ. ಗದಗಿನಲ್ಲೂ ಸೂಜಿ ಹಿಡಿಯಲಿಲ್ಲವಂತೆ. ನಾಲ್ಕು ವರ್ಷಕ್ಕೆ ತೀರಿಕೊಂಡಳು.

ಕೌದಿ ಅತ್ತೆಯ ಮನೆಯಲ್ಲಿ ಉಳಿಯುವಂತಿರಲಿಲ್ಲ. ಅಪ್ಪ ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಶಾಲೆ ಶುರುವಾದ ಮೇಲೆ ಒಂದು ಸಂಜೆ ಬುತ್ತಿ ಕೊಡಲು ಆಟೋನಗರ್‌ಗೆ ಹೋದಾಗ ಅದನ್ನು ಕಂಡೆ. ಲಾರಿಯ ಕೆಳಗೆ ಹಾಸಿದ್ದರು, ಮೆಕ್ಯಾನಿಕ್ ಅದರ ಮೇಲೆ ಅಂಗಾತ ಮಲಗಿ ನಟ್ಟು ಬಿಚ್ಚುತ್ತಿದ್ದ. ನನ್ನ ನೀಲಿ ಚೌಕದ ಮೇಲೆ ಎಂಜಿನ್ ಆಯಿಲ್ ತೊಟ್ಟಿಕ್ಕುತ್ತಿತ್ತು. ಅಪ್ಪ ನನ್ನನ್ನು ನೋಡಿದರು. ಊಟ ತಂದೆಯಾ ಎಂದಷ್ಟೇ ಕೇಳಿದರು. ಅವರು ಈಗಿಲ್ಲ. ಇಲ್ಲದವರ ಮೇಲೆ ಕೋಪ ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನಾನು ಇಟ್ಟುಕೊಂಡಿದ್ದೇನೆ.

ಹೋದ ತಿಂಗಳು ಕೆಲಸದ ಮೇಲೆ ವಿಶಾಖಪಟ್ಟಣಕ್ಕೆ ಹೋಗಿದ್ದೆ. ಆ ತೊಟ್ಟಿಲ ಕೂಸು, ಶ್ರಾವಣಿ, ಈಗ ಅಲ್ಲೇ ಮಧುರವಾಡದ ಅಪಾರ್ಟ್‌ಮೆಂಟಿನಲ್ಲಿದ್ದಾಳೆ. ಭಾನುವಾರ ಗೆಳತಿಯರನ್ನು ಸೇರಿಸಿಕೊಂಡು ಕ್ರೋಶೆ, ಕಸೂತಿ, ಕ್ವಿಲ್ಟ್ ಮಾಡುತ್ತಾಳೆ. ತನಗೆ ಹುಟ್ಟಲಿರುವ ಮಗುವಿಗೆ ಅವಳೇ ಒಂದು ಕೌದಿ ಹೊಲಿಯುತ್ತಿದ್ದಳು. ಫೋನಿನಲ್ಲಿ ನೋಡಿ ಕಲಿತದ್ದು. ಮೂರು ಮೂಲೆ ಮುಗಿದಿತ್ತು, ನಾಲ್ಕನೆಯದು ತೆರೆದಿತ್ತು. ಇದರಲ್ಲಿ ಏನೋ ಇಡುತ್ತಾರಂತೆ, ನಿಮ್ಮ ಆಯಿಯ ಕಡೆ ಹೇಗೆ ಮುಚ್ಚುತ್ತಿದ್ದರು ಅಕ್ಕಾ, ಎಂದು ತೆಲುಗಿನಲ್ಲಿ ಕೇಳಿದಳು.

ಸೋಫಾದ ಮೇಲಿದ್ದ ಅತ್ತೆ ಮಗಳಿಗೆ ಹೇಳಿದಳು: ಇವಳ ಅಮ್ಮಮ್ಮನದು ಬಂಗಾರದಂಥ ಕೈ, ನಿನಗೂ ಒಂದು ಹೊಲಿದು ತಂದಿದ್ದರು, ಎಲ್ಲಿ ಹೋಯಿತೋ ಏನೋ.

ಎಲ್ಲಿ ಹೋಯಿತೆಂದು ನಾನು ಹೇಳಿದೆ. ಯಾರು ಕತ್ತರಿಸಿದರು, ಯಾರು ಸುಮ್ಮನಿದ್ದರು, ಹಲ್ಲು ಯಾರದು, ಯಾರು ಕೈ ಮುಗಿದರು, ಎಲ್ಲವನ್ನೂ ನಡೆದ ಕ್ರಮದಲ್ಲಿ, ದನಿ ಏರಿಸದೆ ಹೇಳಿದೆ. ಇಪ್ಪತ್ತೇಳು ವರ್ಷ ತಡವಾಗಿ.

"ಅವನ್ನೀ ಇಪ್ಪುಡೆಂದುಕಮ್ಮಾ" ಎಂದಳು ಅತ್ತೆ. ಅದೆಲ್ಲ ಈಗ ಯಾಕಮ್ಮಾ ಎಂದು. ಆಮೇಲೆ ಚಹಾ ಮಾಡಲೆಂದು ಎದ್ದು ಹೋದಳು.

ಶ್ರಾವಣಿ ಸೂಜಿಗೆ ದಾರ ಪೋಣಿಸಿ, ಕೌದಿಯನ್ನು ನನ್ನ ತೊಡೆಯ ಮೇಲೆ ಇಟ್ಟಳು. ನಾನು ತೆರೆದ ಮೂಲೆಯನ್ನು ಮಡಿಸಿದೆ, ಬಿಚ್ಚಿದೆ, ಮತ್ತೆ ಮಡಿಸಿದೆ. ಆಯಿ ಇದನ್ನು ಹೊಲಿಯುವಾಗ ನಾನು ಬೀದಿಯಲ್ಲಿದ್ದೆ. ಕಲಿಸುತ್ತೇನೆಂದ ಬೇಸಿಗೆಯನ್ನು ನಾವೇ ರೈಲು ಹತ್ತಿಸಿ ಕಳಿಸಿದ್ದೆವು.

ನನಗೆ ಮೂರು ಮೂಲೆ ಮಾತ್ರ ಬರುತ್ತದೆ ಎಂದು ಹೇಳಿ ಸೂಜಿಯನ್ನು ವಾಪಸು ಕೊಟ್ಟೆ.