ಮುರು ತೊಟ್ಟ ಮೊಲ

ಇಬ್ಬನಿ ಇನ್ನೂ ಆರಿರದ ಹುಲ್ಲಿಗೆ ಬೆಂಕಿ ಹಚ್ಚಿದರೆ ಅದು ಒಮ್ಮೆಗೇ ಉರಿಯುವುದಿಲ್ಲ. ಮೊದಲು ಹೊಗೆಯಾಗುತ್ತದೆ. ಹಸಿ ಬೇರು ಬೆಂದ, ಸ್ವಲ್ಪ ಸಿಹಿ ಸ್ವಲ್ಪ ಕಮಟು ವಾಸನೆಯೊಂದು ನೆಲದ ಮಟ್ಟದಲ್ಲೇ ಹರಿದು ಬಂದು ಬಟ್ಟೆಗೆ ಅಂಟಿಕೊಳ್ಳುತ್ತದೆ. ಶಂಕರಘಟ್ಟದಲ್ಲಿ ಎಂ.ಎ. ಓದುತ್ತಿದ್ದಾಗ, ಒಂದು ಜನವರಿಯ ಬೆಳಿಗ್ಗೆ, ಹಾಸ್ಟೆಲಿನ ಹಿಂದೆ ಯಾರೋ ಹುಲ್ಲು ಸುಡುತ್ತಿದ್ದರು. ಬಸ್ಸಿಗೆ ಕಾಯುತ್ತಿದ್ದ ನಾನು ರಸ್ತೆಯಂಚಿನಲ್ಲೇ ಕುಳಿತುಬಿಟ್ಟೆ. ಏನಾಯಿತೆಂದು ಗೆಳತಿ ಕೇಳಿದಾಗ ತಲೆಸುತ್ತು ಎಂದೆ. ಅದು ಸುಳ್ಳು. ಆ ಸುಳ್ಳಿನ ಹಿಂದೆ ಇನ್ನೊಂದು ಸುಳ್ಳಿದೆ, ನಾಲ್ಕನೇ ತರಗತಿಯಲ್ಲಿ ಹೇಳಿದ್ದು. ಅದಕ್ಕೆ ನಾನು ಇಲ್ಲಿ ಉತ್ತರ ಕೊಡಬೇಕು. ಉತ್ತರ ಕೊಡಬೇಕಾದವಳು ನಾನೊಬ್ಬಳೇ ಅಲ್ಲ ಎಂಬುದನ್ನೂ ಹೇಳಬೇಕು.

ನಮ್ಮ ಮನೆ ಶಿವಮೊಗ್ಗದ ಆಲ್ಕೊಳ ದಾಟಿ ಮುಂದೆ, ಆಗಷ್ಟೇ ಕಲ್ಲು ನೆಟ್ಟಿದ್ದ ಬಡಾವಣೆಯೊಂದರ ಕೊನೆಯ ಸಾಲಿನಲ್ಲಿತ್ತು. ಅಪ್ಪ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಕ್ವಾರ್ಟರ್ಸಿನ ಎರಡು ಕೋಣೆ ಬಿಟ್ಟು ಸ್ವಂತ ಸೂರಿನಡಿ ಬಂದ ಹೆಮ್ಮೆಯಲ್ಲಿ, ದಿನವೂ ನಸುಕಿಗೇ ಎದ್ದು ಬಸ್ಸು ಹಿಡಿಯುತ್ತಿದ್ದ. ಇಡೀ ಬಡಾವಣೆಗೆ ಇದ್ದದ್ದು ಐದು ಮನೆ. ಉಳಿದದ್ದೆಲ್ಲ ಸೊಂಟದೆತ್ತರದ ಹುಲ್ಲು, ಅದರ ನಡುವೆ ಸೈಟಿನ ನಂಬರು ಬರೆದ ಬಿಳಿ ಕಲ್ಲುಗಳು. ಅಮ್ಮ ಏಳುವ ಮೊದಲೇ ಅಪ್ಪನಿಗೆ ಬುತ್ತಿ ಕಟ್ಟುತ್ತಿದ್ದವಳು ಅವನ ತಂಗಿ ಗೌರತ್ತೆ. ಹೊಸದುರ್ಗದ ಕಡೆಯ ಹಳ್ಳಿಯೊಂದಕ್ಕೆ ಮದುವೆಯಾಗಿ ಹೋಗಿದ್ದವಳು, ಅಲ್ಲಿ ಗಂಡನನ್ನೂ ಹತ್ತು ತಿಂಗಳ ಹೆಣ್ಣುಕೂಸನ್ನೂ ಕಳೆದುಕೊಂಡು, ಒಂದು ಟ್ರಂಕಿನೊಡನೆ ನಮ್ಮಲ್ಲಿಗೆ ಬಂದಿದ್ದಳು. ಅಪ್ಪ ಹೊರಟ ಮೇಲೆ ಅವಳು ಅಡುಗೆಮನೆಯ ದೀಪ ಆರಿಸಿ, ನನ್ನನ್ನು ಎಬ್ಬಿಸಿ, ಹಿತ್ತಲ ಬಾಗಿಲನ್ನು ಒಂದು ಗೇಣಷ್ಟು ತೆರೆಯುತ್ತಿದ್ದಳು. ಒಂದೇ ಕಂಬಳಿ ಹೊದ್ದು ಇಬ್ಬರೂ ಹೊಸ್ತಿಲ ಒಳಗೆ ಕೂರುತ್ತಿದ್ದೆವು. ಮಂಜಿನೊಳಗಿಂದ ಮೊದಲು ಕಿವಿಗಳು ಬರುತ್ತಿದ್ದವು, ಆಮೇಲೆ ಮೊಲಗಳು. ದೊಡ್ಡವು ಐದು. ತಂತಿಬೇಲಿಯ ಕೆಳಗಿನ ಒಂದೇ ಸಂದಿಯಲ್ಲಿ ಒಂದರ ಹಿಂದೊಂದು ನುಸುಳಿ, ಗರಿಕೆಯನ್ನೂ ಅವರೆಬಳ್ಳಿಯ ಚಿಗುರನ್ನೂ ಮೇಯುತ್ತಿದ್ದವು. ಬಿಸಿಲಿನ ಮೊದಲ ಎಳೆ ಬಿದ್ದಾಗ ಆ ಕಿವಿಗಳು ಒಳಗಿಂದಲೇ ಕೆಂಪಾಗಿ, ಅವುಗಳೊಳಗಿನ ನರಗಳು ಎಲೆಯ ನರಗಳಂತೆ ಕಾಣುತ್ತಿದ್ದವು. ನಾನು ಕದಲಿದರೆ ಅತ್ತೆ ತೊಡೆ ಚಿವುಟುತ್ತಿದ್ದಳು. “ಉಸ್ರು ಹಿಡ್ಕೊಳೇ ಮಾರಾಯ್ತಿ, ನಿನ್ನ ಹೊಟ್ಟೆ ಗುಡುಗುಟ್ಟಿದ್ರೂ ಅವುಕ್ಕೆ ಕೇಳುಸ್ತದೆ.”

ಅತ್ತೆಯ ಗಂಡನ ಊರಿನಲ್ಲಿ ಸಂಕ್ರಾಂತಿಗೆ ಒಂದು ಪದ್ಧತಿಯಿತ್ತು. ಊರವರೆಲ್ಲ ಸೇರಿ ಜೀವಂತ ಮೊಲವೊಂದನ್ನು ಹಿಡಿದು ತಂದು, ದೇವರ ಮುಂದೆ ಅರಿಶಿನ ಕುಂಕುಮವಿಟ್ಟು, ಕಿವಿಗೆ ಓಲೆ ಹಾಕಿ ಮತ್ತೆ ಕಾಡಿಗೆ ಬಿಡುತ್ತಿದ್ದರು. ಓಲೆ ಬಿದ್ದ ಮೊಲವನ್ನು ಆ ಸೀಮೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲವಂತೆ. ಆ ವರ್ಷ ಡಿಸೆಂಬರಿನಲ್ಲಿ ನಮ್ಮ ಚರಂಡಿಯ ಪಕ್ಕ ಕತ್ತರಿಸಿ ಎಸೆದ ಮೊಲದ ಕಾಲೊಂದು ಸಿಕ್ಕಿದಾಗ ಅತ್ತೆ ಈ ಮಾತು ತೆಗೆದಳು. ಬಡಾವಣೆಯಲ್ಲಿ ಆರನೆಯ ಮನೆ ಕಟ್ಟಲು ಬಂದಿದ್ದ ರಂಗಪ್ಪ ಮೇಸ್ತ್ರಿಯೂ ಅವನ ಆಳುಗಳೂ ಅವಳ ಸೀಮೆಯವರೇ. ಮೊಲ ಹಿಡಿಯುವವರು ಈ ಕೂಲಿಯವರೇ ಇರಬೇಕೆಂದು ಉಳಿದ ಮನೆಗಳವರು ತೀರ್ಮಾನಿಸಿದ್ದರು. ಅತ್ತೆಯೂ ಹಾಗೆಯೇ ನಂಬಿದಳು. ಹಾಗಿದ್ದರೆ ಒಂದು ಓಲೆ ಸಾಕು, ಅವರೇ ಕೈ ತೆಗೆಯುತ್ತಾರೆ ಎಂದುಕೊಂಡಳು. ಅವಳ ಜೀವಮಾನದ ತಪ್ಪು ಅದೊಂದೇ. ಯಾರಿಗೆ ಹೆದರಬೇಕೆಂಬುದು ಅವಳಿಗೆ ತಿಳಿಯಲಿಲ್ಲ.

ಅವರೆಬಳ್ಳಿಯ ಬುಡದಲ್ಲಿ ಒಂದು ಮರಿಯಿತ್ತು. ತಾಯಿ ಬರುವವರೆಗೆ ಕಲ್ಲಿನಂತೆ ಒಂದೇ ಕಡೆ ಕೂರುವುದು ಮೊಲದ ಮರಿಗಳ ಸ್ವಭಾವ. ಸಂಕ್ರಾಂತಿಯ ಬೆಳಿಗ್ಗೆ ಅತ್ತೆ ಕರೆದಿದ್ದಕ್ಕೆ ಬಂದ ರಂಗಪ್ಪ ಮೇಸ್ತ್ರಿ ಅದನ್ನು ಟವೆಲಿನಲ್ಲಿ ಹಿಡಿದುಕೊಂಡ. ಅತ್ತೆ ಟ್ರಂಕಿನ ತಳದಿಂದ ಕುಂಕುಮದ ಭರಣಿ ತಂದು, ಅದರೊಳಗಿಂದ ಕೂಸುಗಳ ಕಿವಿಗೆ ಹಾಕುವ ದಾರದಷ್ಟು ತೆಳುವಾದ ಚಿನ್ನದ ಮುರುವೊಂದನ್ನು ತೆಗೆದಳು. ಅದು ಯಾರದೆಂದು ಯಾರೂ ಕೇಳಲಿಲ್ಲ. ಜಾಲಿಮುಳ್ಳಿನಿಂದ ಕಿವಿಯಂಚು ಚುಚ್ಚುವಾಗ ಮರಿ ಸದ್ದು ಮಾಡಲಿಲ್ಲ. ಅದರ ಎದೆಬಡಿತಕ್ಕೆ ಟವೆಲು ನಡುಗುತ್ತಿತ್ತು. ಮೇಸ್ತ್ರಿ ಅದನ್ನು ಕಣ್ಣಿಗೊತ್ತಿಕೊಂಡು ಇದ್ದ ಜಾಗದಲ್ಲೇ ಬಿಟ್ಟ.

ಆ ಸಂಜೆ ನಾನು ಹೊಸ ಲಂಗ ತೊಟ್ಟು, ಎಳ್ಳಿನ ತಟ್ಟೆ ಹಿಡಿದು ಮನೆಮನೆಗೆ ಹೋದೆ. ಎದುರು ಸಾಲಿನಲ್ಲಿ ಒಬ್ಬ ಕಾಲೇಜು ಲೆಕ್ಚರರ ಮನೆ. ಸೋಫಾ ಇದ್ದ ಮನೆ ಅದೊಂದೇ. ಅಲ್ಲಿ ನನ್ನನ್ನು ಯಾರೂ ಎರಡನೆಯ ಸಲ ತಿರುಗಿ ನೋಡುತ್ತಿರಲಿಲ್ಲ. ಅಂದು ನೋಡಲಿ ಎಂಬ ಆಸೆಗೆ, ನಮ್ಮ ಅತ್ತೆ ಮೊಲಕ್ಕೆ ಬಂಗಾರ ಹಾಕಿದ್ದಾಳೆ ಎಂದೆ. ಲೆಕ್ಚರರು ಪೇಪರು ಮಡಿಚಿ, “ಎಷ್ಟು ಮೊಲಕ್ಕೆ ಪುಟ್ಟಿ?” ಎಂದು ಕೇಳಿದರು. “ಎಲ್ಲದಕ್ಕೂ” ಎಂದೆ.

ಮಾತು ಐದು ಮನೆಗಳನ್ನು ಸುತ್ತಲು ಎರಡು ದಿನ ಸಾಕಾಯಿತು. ಬಸ್‌ಸ್ಟಾಪಿನಲ್ಲಿ ಅಪ್ಪನನ್ನು ಹಿಡಿದು ನಿಲ್ಲಿಸಿ ಒಬ್ಬರು, “ನಿಮ್ ತಂಗಿಗೆ ಹೇಳಿ ಮಾರಾಯ್ರೆ, ನಮ್ ಮನೆಯವ್ಳಿಗೂ ಉದ್ದ ಕಿವಿ ಇದಾವೆ” ಎಂದರಂತೆ. ಅಪ್ಪ ಅಂದು ಉಣ್ಣಲಿಲ್ಲ. ಮುರುವಿನ ಮಾತೆತ್ತಿ ಅತ್ತೆಯ ಮೇಲೆ ಕೂಗಾಡಿದ. ಒಂದೇ ಮರಿಗೆ ಹಾಕಿದ್ದು ಎಂದು ಅವಳು ಹೇಳಿದ್ದನ್ನು ನಂಬಿದನೋ ಇಲ್ಲವೋ, ಊರಿಗೆ ಹೇಳುವ ಧೈರ್ಯ ಮಾಡಲಿಲ್ಲ. ಹೇಳಬೇಕಾಗಿದ್ದವಳು ನಾನು. ನಾನು ಮಗ್ಗಿ ಬರೆಯುತ್ತ ಕುಳಿತಿದ್ದೆ.

ಮುಂದಿನ ಭಾನುವಾರ, ಹಾವು ಜಾಸ್ತಿಯಾಗಿವೆ ಎಂಬ ನೆಪ ಮಾಡಿ, ಹುಲ್ಲಿಗೆ ಮೂರು ದಿಕ್ಕಿನಿಂದ ಬೆಂಕಿ ಇಟ್ಟರು. ನಾಲ್ಕನೆಯ ದಿಕ್ಕಿನಲ್ಲಿ ಬಲೆ ಕಟ್ಟಿ, ದೊಣ್ಣೆ ಹಿಡಿದು ನಿಂತರು. ಲೆಕ್ಚರರು, ಕಚೇರಿಯ ಗುಮಾಸ್ತರು, ಔಷಧದ ಅಂಗಡಿಯವರು, ಎಲ್ಲ ಓದಿದವರೇ. ಕೂಲಿಯಾಳುಗಳನ್ನು ಕರೆದಾಗ ರಂಗಪ್ಪ ಮೇಸ್ತ್ರಿ ಕರಣೆ ಕೆಳಗಿಟ್ಟ. “ಮುರು ಬಿದ್ದಿದ್ದಕ್ಕೆ ಕೈ ಹಾಕಾಕಿಲ್ಲ ಸಾ. ಬೇಕಾದ್ರೆ ಕೆಲ್ಸ ಬಿಡುಸ್ರಿ.” ತನ್ನ ಜನರನ್ನು ಕರೆದುಕೊಂಡು ಆಲ್ಕೊಳದ ಸರ್ಕಲ್ ಕಡೆ ನಡೆದುಬಿಟ್ಟ. ಅವನು ಬಿಟ್ಟ ಜಾಗದಲ್ಲಿ ಹೋಗಿ ನಿಂತವನು ನನ್ನ ಅಪ್ಪ. ಹೊಗೆಯೊಳಗಿಂದ ಮೊಲಗಳು ಬಂದವು. ಅವು ಸಾಯುವಾಗ ಕೂಸಿನಂತೆ ಕಿರುಚುತ್ತವೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಒಂದೊಂದನ್ನೂ ಕಿವಿ ಹಿಡಿದೆತ್ತಿ, ಎರಡೂ ಕಿವಿ ತಿರುಗಿಸಿ ನೋಡಿ, ಬಯ್ದು ಚೀಲಕ್ಕೆ ಹಾಕಿದರು. ಐದೂ ಮುಗಿದವು. ಮರಿ ಸಿಗಲಿಲ್ಲ. ಮಧ್ಯಾಹ್ನ ಅಪ್ಪ ಮರಳು ಸೋಸುವ ಜರಡಿ ತಂದು ಬೂದಿ ಜಾಲಿಸತೊಡಗಿದಾಗ ಅತ್ತೆ ಬೇಲಿಯವರೆಗೆ ನಡೆದು ಬಂದಳು.

“ಹುಡುಕ್ಬ್ಯಾಡ ಬಿಡಣ್ಣ. ಅದು ನನ್ನ ಮಗೀದು. ಸಿಕ್ಕಿದ್ರೂ ಮನಿಗೆ ತರಬ್ಯಾಡ.”

ಅಪ್ಪ ಜರಡಿಯನ್ನು ಅಲ್ಲೇ ಬಿಟ್ಟ. ಆಮೇಲೆ ಹಿತ್ತಲ ಬಾಗಿಲಿಗೆ ಚಿಲಕ ಬಿತ್ತು. ಅಪ್ಪನ ಕೆಲಸ ಹೋಗಿ, ಮನೆ ಮಾರಿ, ನಾವು ಹೊಸಮನೆ ಎಂಬ ಬಡಾವಣೆಯ ಬಾಡಿಗೆ ಮನೆಗೆ ಬಂದೆವು. ಹೋದ ಚಳಿಗಾಲದಲ್ಲಿ ಅತ್ತೆ ತೀರಿಕೊಂಡಳು.

ಅವಳ ಹದಿಮೂರನೆಯ ದಿನದ ಕಾರ್ಯ ಕಳೆದ ಮೇಲೆ ನಾನು ಆ ಬಡಾವಣೆಗೆ ಹೋದೆ. ಈಗ ಅಲ್ಲಿ ಬರಿಯ ನೆಲವೆಂದರೆ ಒಂದು ಪಾರ್ಕು ಮಾತ್ರ. ಅದರ ಬಾಗಿಲಲ್ಲಿ ಬಾಯಿ ತೆರೆದ ಸಿಮೆಂಟಿನ ಮೊಲವೊಂದನ್ನು ಕಸ ಹಾಕಲು ಇಟ್ಟಿದ್ದಾರೆ. ಲೆಕ್ಚರರು ನಿವೃತ್ತರಾಗಿ ಅದೇ ಮನೆಯಲ್ಲಿದ್ದಾರೆ. ನೆನಪಿದೆಯೇ ಎಂದು ಕೇಳಿದೆ. “ಯಾವ ಮೊಲ? ಆಗೆಲ್ಲ ಹಾವಿನ ಕಾಟ ಇತ್ತಮ್ಮ,” ಎಂದರು. ಹುಲ್ಲು ಸುಟ್ಟದ್ದು ಹಾವಿಗೆ, ಬಲೆ ಕಟ್ಟಿದ್ದೂ ಹಾವಿಗೆ! ಓದುಗರೇ, ನೀವೂ ಹೀಗೆಯೇ ಹುಲ್ಲಿದ್ದ ನೆಲದ ಮೇಲೆ ಮನೆ ಕಟ್ಟಿಕೊಂಡವರಾಗಿದ್ದರೆ ನಿಮ್ಮನ್ನೂ ಕೇಳುತ್ತಿದ್ದೇನೆ. ಅಂದು ದೊಣ್ಣೆ ಯಾರ ಕೈಯಲ್ಲಿತ್ತು? ಕೂಲಿಯವರ ಮೇಲೆ ಅಪವಾದ ಹೊರಿಸಿದವರು ಯಾರು? ಅಪ್ಪನನ್ನೂ ಕೇಳಿದೆ. ಅವನು, “ಎರಡು ನಾನೇ ಹೊಡೆದದ್ದು” ಎಂದ. ಇಷ್ಟು ಜನರಲ್ಲಿ ಲೆಕ್ಕ ಒಪ್ಪಿಸಿದವನು ಅವನೊಬ್ಬನೇ.

ಇನ್ನು ನನ್ನದು. ಆ ಭಾನುವಾರ ಸಂಜೆ ಲೆಕ್ಚರರ ಮನೆಯಿಂದ ಒಂದು ಸ್ಟೀಲಿನ ಡಬ್ಬಿ ಬಂತು. ಅಮ್ಮ ನನ್ನ ಮುಖ ನೋಡದೆ, ಕೋಳಿ ಸಾರು, ತಿನ್ನು ಎಂದಳು. ಮೂಳೆಗಳು ಸಣ್ಣವಿದ್ದವು, ಉದ್ದವಾಗಿದ್ದವು. ನನಗೆ ಗೊತ್ತಾಯಿತು. ಆದರೂ ತಿಂದೆ, ರುಚಿಯಾಗಿತ್ತು, ಮತ್ತೊಮ್ಮೆ ಹಾಕಿಸಿಕೊಂಡೆ. ಗೋಡೆಗೊರಗಿ ಕುಳಿತಿದ್ದ ಅತ್ತೆ ನೋಡುತ್ತಲೇ ಇದ್ದಳು. ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬಂದಾಗ ಎದ್ದು ಒಳಗೆ ಹೋಗಿ, ಒಂದು ಲೋಟ ನೀರು ತಂದು, ತಟ್ಟೆಯ ಪಕ್ಕದಲ್ಲಿ ಸದ್ದಾಗದಂತೆ ಇಟ್ಟಳು.