ಕೊಕ್ಕರೆಯ ಹಿಂಬದಿ

ಆ ಚೌಕಟ್ಟಿನ ಹಿಂಬದಿ ತೋರಿಸಿ ಎಂದು ಅಕ್ಕ ಮರಾಠಿಯಲ್ಲಿ ಕೇಳಿದಾಗ ಅಂಗಡಿಯ ಪಾರ್ಸಿ ಅಜ್ಜಿ ನಕ್ಕುಬಿಟ್ಟರು. “ಮುಖ ಬಿಟ್ಟು ಬೆನ್ನು ನೋಡುತ್ತಾರೇನು, ತಾಯಿ?”

ಪುಣೆಯ ಕ್ಯಾಂಪ್ ಬಡಾವಣೆಯ ಆ ಅಂಗಡಿಯಲ್ಲಿ, ಗಾಜಿನೊಳಗೆ, ಜಪಾನಿನ ರೇಷ್ಮೆ ಹೊಲಿಗೆಯ ಕೊಕ್ಕರೆಯೊಂದಿತ್ತು. ಅಂಥ ಹೊಲಿಗೆ ಕಲಿತು ಬಂದರೆ ಕೆಲಸ ಕೊಡುವುದಾಗಿ ಹೆಣ್ಣುಮಕ್ಕಳ ಶಾಲೆಯೊಂದರವರು ಹೇಳಿದ್ದರು. ಗಂಡನನ್ನು ಕಳೆದುಕೊಂಡು ಧಾರವಾಡದಿಂದ ನನ್ನ ಮನೆಗೆ ಬಂದಿದ್ದ ಅಕ್ಕನಿಗೆ ಆ ಕೆಲಸ ಬೇಕೇ ಬೇಕಿತ್ತು. ಊರೆಲ್ಲ ಹುಡುಕಿ ನಾನು ತಂದದ್ದು ಒಂದೇ ಪುಸ್ತಕ, ಅದೂ ಜಪಾನಿ ಲಿಪಿಯಲ್ಲಿ.

ಅಕ್ಕ ಕದಲಲಿಲ್ಲ. ಇದನ್ನು ಕಲಿಯಬೇಕಾಗಿದೆ ಎಂದಳು. ಅಜ್ಜಿ ನಗು ನಿಲ್ಲಿಸಿ, ಮೊಳೆ ಕಿತ್ತು, ಹಿಂದಿನ ಹಲಗೆ ತೆಗೆದರು. ಅಕ್ಕ ಎಳೆಗಳ ಮೇಲೆ ಬೆರಳಾಡಿಸುತ್ತ ಹೋದಳು. ನಮ್ಮ ಧಾರವಾಡದ ಕಸೂತಿಯಲ್ಲಿ ದಾರಕ್ಕೆ ಗಂಟು ಹಾಕುವುದಿಲ್ಲ. ತುದಿಯನ್ನು ಹೊಲಿಗೆಯೊಳಗೇ ಅಡಗಿಸುತ್ತಾರೆ.

“ತಮ್ಮಾ, ಇಕಿನೂ ಗಂಟು ಹಾಕಿಲ್ಲ ನೋಡೋ,” ಎಂದಳು ಅಕ್ಕ, ಅದನ್ನು ಹೊಲಿದ ಜಪಾನಿ ಹೆಂಗಸು ಪಕ್ಕದ ಮನೆಯವಳೇ ಎಂಬಂತೆ. ಅವಳ ಕಣ್ಣು ತುಂಬಿತ್ತು.

ಮುಂದೆ ಪ್ರತಿ ಬುಧವಾರ ಆ ಎಳೆಗಳನ್ನು ನೋಡಿ ಕಲಿಯಲು ಅಕ್ಕ ಅಲ್ಲಿಗೆ ಹೋದಳು. ಶಾಲೆಯಿಂದ ಕೆಲಸದ ಕಾಗದ ಬರುವವರೆಗೂ ಆ ಅಜ್ಜಿ ಮೊಳೆಗಳನ್ನು ಮತ್ತೆ ಬಡಿಯಲಿಲ್ಲ.